ಮೊದಲು ಚಾವಣಿ, ಆಮೇಲೆ ಗೋಡೆ: ಅಗ್ಗದಲ್ಲಿ ಥಾಯ್ ಹಳ್ಳಿಮನೆ ಕಟ್ಟುವ ಬಗೆ

ಥಾಯ್ಲೆಂಡಿನ ಈಶಾನ್ಯಕ್ಕಿರುವ ಇಸಾನ್ ಸೀಮೆಯ ಹಳ್ಳಿಗಳಲ್ಲಿ ಬೇಸಿಗೆ ಹೊತ್ತಿಗೆ ಓಡಾಡಿದರೆ ಒಂದು ವಿಚಿತ್ರ ಕಾಣುತ್ತದೆ. ಕಂಬಗಳು ನಿಂತಿವೆ, ಮೇಲೆ ಪೂರ್ತಿ ಚಾವಣಿ ಕೂತಿದೆ, ನಡುವೆ ಏನೂ ಇಲ್ಲ. ದುಡ್ಡು ಮುಗಿದು ಕೆಲಸ ನಿಂತಿರಬೇಕು ಅಂದುಕೊಂಡಿದ್ದೆ. ಕಟ್ಟುವ ಕ್ರಮವೇ ಅದು ಎಂದು ಆಮೇಲೆ ತಿಳಿಯಿತು. ನಮ್ಮ ಹಳ್ಳಿಮನೆಗಳಲ್ಲಿ ಬಹುಪಾಲು ಗೋಡೆಯೇ ಭಾರ ಹೊರುವುದರಿಂದ ಗೋಡೆ ಏಳುವ ತನಕ ಚಾವಣಿಯ ಮಾತಿಲ್ಲ. ಅಲ್ಲಿ ಹೊರುವುದು ಕಂಬ. ಗೋಡೆ ಬರೀ ಮರೆ. ಅಗ್ಗದ ಗುಟ್ಟು ಇರುವುದೂ ಇಲ್ಲೇ: ಕಂಬದ ಬುಡಕ್ಕೆ ಮತ್ತು ಚಾವಣಿಗೆ ಕೈ ಬಿಚ್ಚಿ ಖರ್ಚು ಮಾಡಿ, ಮಿಕ್ಕದ್ದನ್ನು ಕಾಸು ಕೂಡಿದ ಹಾಗೆ ಸೇರಿಸುತ್ತ ಹೋಗುವುದು.

ಲೆಕ್ಕಕ್ಕೆ 6 ಮೀಟರ್ ಅಗಲ, 9 ಮೀಟರ್ ಉದ್ದದ ಮನೆ ಹಿಡಿಯೋಣ. 3 ಮೀಟರಿಗೊಂದು ಕಂಬದಂತೆ 12 ಕಂಬ. ನಮ್ಮ ಹಿರಿಯರ ಭಾಷೆಯಲ್ಲಿ ಆರಂಕಣದ ಮನೆ. ಈಗಿನವರ ಭಾಷೆಯಲ್ಲಿ ಆರು ಚದರಕ್ಕೆ ಚೂರು ಕಡಿಮೆ.

ಜಾಗ, ಕಾಗದ, ಮಣ್ಣು

ಅಲ್ಲಿ ನೆಲದ ಅಳತೆ ‘ರಾಯ್’. ಒಂದು ರಾಯ್ ಎಂದರೆ 1,600 ಚದರ ಮೀಟರ್, ಹೆಚ್ಚುಕಡಿಮೆ ನಮ್ಮ 16 ಗುಂಟೆ. ‘ಚನೋತ್’ ಎಂಬ ಹಕ್ಕುಪತ್ರವಿದ್ದರೆ ಗಟ್ಟಿ. ಭೂಸುಧಾರಣೆಯಲ್ಲಿ ಬೇಸಾಯಕ್ಕೆಂದು ಕೊಟ್ಟ ನೆಲವನ್ನು ಯಾರಿಗೆ ಬೇಕಾದರೂ ಮಾರುವ ಹಾಗಿಲ್ಲ, ಬೆಲೆ ಕಡಿಮೆಯೆಂದು ಅದಕ್ಕೆ ಕೈ ಹಾಕಬೇಡಿ. ಅಲ್ಲಿಯೇ ಮದುವೆಯಾಗಿ ನೆಲೆಸಿದ ನಮ್ಮವರಿಗೂ ಒಂದು ಮಾತು: ವಿದೇಶಿಯರ ಹೆಸರಿಗೆ ಸಾಮಾನ್ಯವಾಗಿ ನೆಲ ಆಗುವುದಿಲ್ಲ. ಕಟ್ಟಲು ಅನುಮತಿ ಕೊಡುವುದು ನಮ್ಮ ಪಂಚಾಯಿತಿಯಂಥ ತಂಬೊನ್ ಆಡಳಿತ ಕಚೇರಿ. ಸಣ್ಣ ಮನೆಗಳ ನಕ್ಷೆಯನ್ನು ಸರ್ಕಾರವೇ ಪುಕ್ಕಟೆ ಕೊಡುತ್ತದೆ, ಮೊದಲು ಅದನ್ನು ಕೇಳಿ ನೋಡಿ.

ಇಸಾನ್‌ನ ಊರುಗಳು ಗದ್ದೆಗಳ ನಡುವೆ ಇರುವುದರಿಂದ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಮೊದಲ ಖರ್ಚು ಮಣ್ಣು ತುಂಬಿಸುವುದಕ್ಕೆ. ತುಂಬಿಸಿದ ಮೇಲೆ ಒಂದು ಮಳೆಗಾಲ ಸುಮ್ಮನೆ ಬಿಡಬೇಕು. ಮಳೆ ಬಿದ್ದರೆ ಮಣ್ಣು ತಾನಾಗಿ ಕೂರುತ್ತದೆ. ನಾನು ಕಂಡ ಒಂದು ಮನೆಯಲ್ಲಿ ಎರಡು ತಿಂಗಳೂ ಕಾಯಲಿಲ್ಲ. ಮಳೆ ಮುಗಿಯುವಷ್ಟರಲ್ಲಿ ಹಿಂದಿನ ಅಡುಗೆ ಕಟ್ಟೆ ನಾಲ್ಕು ಬೆರಳು ಕುಸಿದು, ಒಲೆಯ ಮೇಲಿಟ್ಟ ಪಾತ್ರೆ ತಾನಾಗಿ ಜಾರುತ್ತಿತ್ತು.

ಕೆಲಸ ಶುರುಮಾಡಲು ಜನವರಿ ಒಳ್ಳೆಯದು. ಆಗ ಭತ್ತದ ಕುಯ್ಲು ಮುಗಿದು ಆಳು ಸಿಗುತ್ತಾರೆ. ಏಪ್ರಿಲ್ ನಡುವಿನ ಸೊಂಗ್‌ಕ್ರಾನ್ ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗುತ್ತಾರೆ, ಮೇ ಬಂದರೆ ಮಳೆ, ಆಮೇಲೆ ನಾಟಿ. ಅಷ್ಟರೊಳಗೆ ಚಾವಣಿ ಮುಗಿದಿರಬೇಕು.

ಕಂಬ

ಹಿಂದೆ ಬಡವರ ಮನೆ ಬಿದಿರಿನದು, ಬಳ್ಳಿ ಬಿಗಿದು ಕಟ್ಟಿದ್ದು. ಉಳ್ಳವರದು ಗಟ್ಟಿಮರವನ್ನು ಕೊರೆದು ಕೂಡಿಸಿದ್ದು. ಈಗ ಇಬ್ಬರೂ ಕೊಳ್ಳುವುದು ಅಂಗಡಿಯಲ್ಲಿ ಸಿಗುವ ಸಿದ್ಧ ಕಾಂಕ್ರೀಟ್ ಕಂಬ. ನೆಲಕ್ಕೆ ಹೂತ ಮರವನ್ನು ಗೆದ್ದಲು ಬಿಡುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾನೂನಿನದು: 1988ರ ನವೆಂಬರಿನಲ್ಲಿ ದಕ್ಷಿಣದಲ್ಲಿ ಭಾರಿ ಪ್ರವಾಹ ಬಂದು, ಬೋಳಾದ ಗುಡ್ಡಗಳಿಂದ ಮಣ್ಣು ಮರ ಎಲ್ಲ ಊರುಗಳ ಮೇಲೆ ಉರುಳಿತು. ಅದಾದ ಮೇಲೆ 1989ರ ಜನವರಿಯಲ್ಲಿ ಸರ್ಕಾರ ಕಾಡು ಕಡಿಯುವ ಗುತ್ತಿಗೆಗಳನ್ನೇ ನಿಲ್ಲಿಸಿತು. ಹೊಸ ಗಟ್ಟಿಮರ ಅಂದಿನಿಂದ ದುಬಾರಿ.

ಗುಂಡಿಗಳನ್ನು ತುಂಬಿದ ಮಣ್ಣು ದಾಟಿ ಹಳೆಯ ಗಟ್ಟಿ ನೆಲ ಸಿಗುವ ತನಕ ತೋಡಿ. ಎಷ್ಟು ಆಳವೆಂದು ನೆಲವೇ ಹೇಳುತ್ತದೆ. ತಳಕ್ಕೆ ಕಬ್ಬಿಣದ ಜಾಲರಿ ಇಟ್ಟು ಕಾಂಕ್ರೀಟಿನ ಪಾದ ಹಾಕಬೇಕು. ಇಸಾನ್‌ನ ಮಣ್ಣು ಕೆಲವು ಕಡೆ ಉಪ್ಪು. ಉಪ್ಪು ಕಬ್ಬಿಣ ತಿನ್ನುತ್ತದೆ, ಆದ್ದರಿಂದ ಕಂಬಿ ಮಣ್ಣಿಗೆ ತಾಗದ ಹಾಗೆ ಕೆಳಗೆ ಸಿಮೆಂಟ್ ಬಿಲ್ಲೆ ಇಟ್ಟು ಎತ್ತಿಡಿ. ಈ ಸಣ್ಣ ಕೆಲಸ ಮೇಸ್ತ್ರಿಗಳು ಮರೆಯುವ ಮೊದಲ ಕೆಲಸ. ನೀವು ಗುಂಡಿ ಪಕ್ಕದಲ್ಲೇ ನಿಂತಿರಿ.

ಮೊದಲ ಕಂಬಕ್ಕೆ ‘ಸಾವ್ ಏಕ್’ ಎಂದು ಹೆಸರು. ‘ಏಕ್’ ನಮ್ಮ ‘ಏಕ’ವೇ. ಬೆಳಗಿನ ಮುಹೂರ್ತದಲ್ಲಿ ಕಂಬದ ಮೇಲ್ತುದಿಗೆ ಬಾಳೆಯ ಕಂದು, ಕಬ್ಬಿನ ಜಲ್ಲೆ, ಬಣ್ಣದ ಬಟ್ಟೆ ಕಟ್ಟುತ್ತಾರೆ. ಗುಂಡಿಗೆ ನಾಣ್ಯ ಹಾಕುತ್ತಾರೆ. ಕೆಲವರು ಒಂಬತ್ತು ಮಂಗಳ ಮರಗಳ ಗೂಟ ಇಡುವುದೂ ಉಂಟು. ಅದರಲ್ಲಿ ನಮ್ಮ ಹಲಸು, ತೇಗ, ಕಕ್ಕೆ ಎಲ್ಲ ಇವೆ. ಹಲಸಿಗೆ ಥಾಯ್ ಹೆಸರು ‘ಖನುನ್’. ‘ನುನ್’ ಎಂದರೆ ಆಸರೆ ಕೊಡು ಎಂದಾಗುತ್ತದಂತೆ, ಆ ಶಬ್ದಕ್ಕಾಗಿ ಅದಕ್ಕೆ ಜಾಗ. ಹಗ್ಗ ಹಿಡಿದು ನೆರೆಕೆರೆಯವರೆಲ್ಲ ಕಂಬ ಎಳೆದು ನಿಲ್ಲಿಸುವಾಗ ಬಾಳೆ ಎಲೆ ಮೇಲೆ ಹಾರಾಡುವುದು ನೋಡಲು ಚೆಂದ. ಈ ಕೂಡಿ ದುಡಿಯುವುದಕ್ಕೆ ‘ಲೊಂಗ್ ಖೆಕ್’ ಎನ್ನುತ್ತಾರೆ, ನಮ್ಮ ಮುಯ್ಯಾಳಿನ ಹಾಗೆ. ಕೂಲಿ ಇಲ್ಲ, ಊಟ ಮಾತ್ರ ಗಡದ್ದಾಗಿರಬೇಕು: ಅಂಟಕ್ಕಿ ಅನ್ನ, ಪರಂಗಿಕಾಯಿ ಕುಟ್ಟಿದ ಸೋಮ್ ತಮ್.

ಮನೆಯ ನೆಲವನ್ನು ಕಂಬಗಳ ಮೇಲೆ ಎತ್ತರದಲ್ಲಿ ಕೂರಿಸುತ್ತಾರೆ. ಅದರ ಕೆಳಗಿನ ತೆರೆದ ಜಾಗ ‘ತಾಯ್ ಥುನ್’. ಇದನ್ನು ತಲೆ ತಾಗದಷ್ಟು, 2.4 ಮೀಟರಾದರೂ ಎತ್ತರ ಇಡಿ. ಅಷ್ಟಕ್ಕೆ ಆಗದಿದ್ದರೆ ಮಂಡಿಯೆತ್ತರ ಸಾಕು. ಸೊಂಟ ಬಗ್ಗಿಸಿ ನುಗ್ಗುವಂಥ ನಡುಎತ್ತರ ಕೋಳಿಗಳಿಗೆ ಬಿಟ್ಟರೆ ಯಾರಿಗೂ ಉಪಯೋಗವಿಲ್ಲ.

ಚಾವಣಿ

ದಬ್ಬೆ ಹುಲ್ಲಿನ ಚಾವಣಿ ತಂಪು, ಆದರೆ ಕೆಲವೇ ವರ್ಷಕ್ಕೆ ಹೊಸದು ಹೊದಿಸಬೇಕು, ಕಡಿದಾದ ಇಳಿಜಾರೂ ಬೇಕು. ಅಗ್ಗಕ್ಕೆ ಈಗ ಎಲ್ಲರೂ ಹಾಕಿಸುವುದು ಬಣ್ಣದ ತಗಡು. ಕೆಳಗೆ ಸಿ ಆಕಾರದ ಕಬ್ಬಿಣದ ರೀಪರು. ತುಕ್ಕು ತಡೆಯುವ ಬಣ್ಣವನ್ನು ನೆಲದ ಮೇಲೇ ಬಳಿದು, ಬೆಸುಗೆ ಹಾಕಿದ ಜಾಗಕ್ಕೆ ಮೇಲೇರಿ ಮತ್ತೊಮ್ಮೆ ಬಳಿಯಬೇಕು. ಬರಿ ತಗಡು ಏಪ್ರಿಲ್‌ನಲ್ಲಿ ಕಾವಲಿ, ಮಳೆ ಬಂದರೆ ತಮಟೆ. ಕೆಳಬದಿಗೆ ಫೋಮ್ ಅಂಟಿಸಿ ಬರುವ ತಗಡಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ಎರಡೂ ಕಾಟ ತಗ್ಗುತ್ತದೆ. ಬೇರೆಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ. ಸೂರನ್ನು ಒಂದು ಮೀಟರಿಗಿಂತ ಹೆಚ್ಚು ಹೊರಚಾಚಿ. ಗೋಡೆಗೆ ಇರಚಲು ಹೊಡೆಯದಿದ್ದರೆ ಹಗುರ ಗೋಡೆಯೂ ಬಹುಕಾಲ ಬಾಳುತ್ತದೆ. ಚಾವಣಿಯ ತುದಿಯ ತ್ರಿಕೋನವನ್ನು ಮುಚ್ಚದೆ ಪಟ್ಟಿ ಹೊಡೆದು ಬಿಸಿಗಾಳಿಗೆ ದಾರಿ ಬಿಡಿ.

ಇನ್ನು ಮೇಲೆ ಮರಗೆಲಸ, ಗೋಡೆ, ಎಲ್ಲ ನೆರಳಿನಲ್ಲಿ. ಮಳೆ ಬಂದರೂ ಕೆಲಸ ನಿಲ್ಲುವುದಿಲ್ಲ, ಸಿಮೆಂಟ್ ಮೂಟೆ ನೆನೆಯುವುದಿಲ್ಲ.

ನೆಲ, ಗೋಡೆ, ಮಿಕ್ಕದ್ದು

ಮೇಲಂತಸ್ತಿನ ನೆಲಕ್ಕೆ ಹಳೆಯ ಮನೆ ಬಿಚ್ಚಿದ ಹಲಗೆಗಿಂತ ಒಳ್ಳೆಯದಿಲ್ಲ. ಹಳ್ಳಿಗಳಲ್ಲಿ ಇಡೀ ಮರದ ಮನೆಯನ್ನೇ ಮಾರುತ್ತಾರೆ. ‘ಮಾಯ್ ದೆಂಗ್’ ಸಿಕ್ಕರೆ ಬಿಡಬೇಡಿ. ಅದು ನಮ್ಮ ಜಂಬೆ ಮರ. ‘ಪ್ರದು’ ನಮ್ಮ ಹೊನ್ನೆಯ ದಾಯಾದಿ. ಹಲಗೆಯ ಅಡಿಭಾಗವನ್ನು ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ. ಹಿಟ್ಟು ಉದುರಿದರೆ ಬೇಡ. ಮಾರಾಟದ ಕಾಗದ ಕೈಗೆ ಬಾರದೆ ಮರವನ್ನು ಗಾಡಿಗೆ ಹೇರಬೇಡಿ.

ಗೋಡೆಗೆ ಫೈಬರ್ ಸಿಮೆಂಟ್ ಹಲಗೆ, ಅಥವಾ ಬಿದಿರಿನ ತಟ್ಟಿ. ಬಿದಿರನ್ನು ಒಣಗಾಲದಲ್ಲಿ ಕಡಿದು, ವಾರಗಟ್ಟಲೆ ಕೆರೆಯಲ್ಲಿ ನೆನೆಹಾಕಿ ಒಣಗಿಸಿದರೆ ಹುಳು ಬೀಳುವುದು ಕಡಿಮೆ. ಬಚ್ಚಲು, ಕಕ್ಕಸು ಮಾತ್ರ ಕೆಳಗೆ ನೆಲದ ಮೇಲೇ ಇರಲಿ, ಬ್ಲಾಕ್ ಇಟ್ಟಿಗೆಯಲ್ಲಿ. ಮರದ ನೆಲದ ಮೇಲೆ ಬಚ್ಚಲು ಮಾಡಿದವರು ಮತ್ತೊಂದು ಮನೆ ಕಟ್ಟಿಸಿದ ಹಾಗೆಯೇ. ಗುಂಡಿಗೆ ಕಾಂಕ್ರೀಟ್ ಬಳೆಗಳನ್ನು ಇಳಿಸಿದರಾಯಿತು, ನಮ್ಮಲ್ಲಿ ರಿಂಗ್ ಬಾವಿಗೆ ಇಳಿಸುವಂತೆ. ಚಾವಣಿ ನೀರಿಗೆ ಸೂರಿನಡಿ ದೊಡ್ಡ ಸಿಮೆಂಟ್ ಗುಡಾಣ ಇಡಿ. 1980ರ ದಶಕದಲ್ಲಿ ಈ 2,000 ಲೀಟರಿನ ಗುಡಾಣಗಳು ಇಸಾನ್ ತುಂಬ ಹರಡಿದವು, ಈಗಲೂ ಮನೆಮನೆಗೆ ಇವೆ.

ಮೆಟ್ಟಿಲು ಬೆಸಸಂಖ್ಯೆಯಲ್ಲಿರಬೇಕು ಎಂಬುದು ಅಲ್ಲಿಯ ನಂಬಿಕೆ. ನೆಲದ ದೇವರ ಪುಟ್ಟ ಗುಡಿಯ ಮೇಲೆ ಮನೆಯ ನೆರಳು ಬೀಳಬಾರದು ಎಂಬುದೂ ಹಾಗೆಯೇ, ಜಾಗ ಗುರುತಿಸುವಾಗಲೇ ನೋಡಿಕೊಳ್ಳಿ. ಮೇಸ್ತ್ರಿಗೆ ಲೇಬರ್ ಕಾಂಟ್ರಾಕ್ಟ್ ಕೊಟ್ಟು ಸಾಮಾನು ನೀವೇ ತಂದರೆ ಅಗ್ಗ. ಆದರೆ ದಿನವೂ ಅಲ್ಲಿರಬೇಕಾಗುತ್ತದೆ. ಹಣವನ್ನು ಹಂತಹಂತವಾಗಿ ಕೊಡಿ: ಪಾದ, ಕಂಬ, ಚಾವಣಿ, ನೆಲ.

ಕೆಲವು ವರ್ಷ ಕಳೆದು ಕೈಯಲ್ಲಿ ಕಾಸಾಡಿದಾಗ ಎಲ್ಲರೂ ಕೆಳಗಿನ ತಾಯ್ ಥುನ್‌ಗೂ ಇಟ್ಟಿಗೆ ಕಟ್ಟಿ ಕೋಣೆ ಮಾಡಿಕೊಳ್ಳುತ್ತಾರೆ. ಮಾಡಿ, ಬೇಡವೆನ್ನುವುದಿಲ್ಲ. ಆರರಲ್ಲಿ ಒಂದಂಕಣ ಮಾತ್ರ ತೆರೆದೇ ಇರಲಿ, ಗಾಳಿ ಬರುವ ಕಡೆಯದು. ಬಿದಿರಿನ ಮಂಚ ಹಾಕುವುದು ಅಲ್ಲಿಯೇ. ಮಧ್ಯಾಹ್ನದ ಹೊತ್ತು ಇಡೀ ಮನೆಯವರು, ಬಂದ ನೆಂಟರು, ಪಕ್ಕದ ಮನೆ ಅಜ್ಜಿ ಎಲ್ಲ ಒರಗುವುದೂ ಅಲ್ಲಿಯೇ.