ಜಡಿಮಳೆಯಲ್ಲಿ ಕೆಟ್ಟ ಪಟ್ಟಿ

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ಐದು ಎಕರೆ ರೊಬಸ್ಟಾ ಕಾಫಿ ತೋಟ. ಕೊಯ್ಲಿಗೆ ಕೆಲಸದವರ ಜೊತೆ ನಾನೂ ಇಳಿಯುತ್ತೇನೆ. ಕಳೆದ ವರ್ಷದವರೆಗೂ ಹೆಂಗಸರಿಗೆ ಅಲ್ಲಿ ಮೂತ್ರಕ್ಕೆ ಹೋಗಲು ಮರೆಯಿರಲಿಲ್ಲ. ಬೆಳಿಗ್ಗೆ ಚೀಲ ಕಟ್ಟಿಕೊಂಡರೆ ಸಂಜೆಯವರೆಗೂ ತಡೆದುಕೊಳ್ಳುವುದು, ಅದಕ್ಕೆಂದೇ ನೀರು ಕುಡಿಯದಿರುವುದು. ಸತತ ಎರಡು ಜನವರಿಯಲ್ಲಿ ನನಗೆ ಉರಿಮೂತ್ರ ಬಂದಿತ್ತು. ಮೂರನೆಯ ಸಲ ಔಷಧಿ ಅಂಗಡಿಯಿಂದ ಮೂತ್ರ ಪರೀಕ್ಷೆಯ ಪಟ್ಟಿಗಳನ್ನು ತಂದೆ.

ಮಾಡುವ ಕ್ರಮ ಸುಲಭ. ಮೊದಲು ಬರುವ ಮೂತ್ರವನ್ನು ಬಿಟ್ಟು ನಡುವಿನದನ್ನು ಸ್ವಚ್ಛ ಲೋಟದಲ್ಲಿ ಹಿಡಿದು, ಪಟ್ಟಿಯನ್ನು ಅದ್ದಿ ತೆಗೆದು, ಅಡ್ಡಲಾಗಿ ಹಿಡಿದುಕೊಳ್ಳಬೇಕು. ನನ್ನ ಡಬ್ಬಿಯ ಮೇಲೆ, ಬ್ಯಾಕ್ಟೀರಿಯಾ ಇದ್ದರೆ ನಸುಗೆಂಪಾಗುವ ನೈಟ್ರೈಟ್ ಚೌಕವನ್ನು 60 ಸೆಕೆಂಡಿಗೆ, ಬಿಳಿ ರಕ್ತಕಣದ ಚೌಕವನ್ನು 2 ನಿಮಿಷಕ್ಕೆ ನೋಡಿ ಎಂದಿತ್ತು. ಎರಡನೆಯದು ನೇರಳೆಗೆ ತಿರುಗಿತು, ನೈಟ್ರೈಟ್ ಚೌಕ ಮಾತ್ರ ಬೆಳ್ಳಗೇ ಉಳಿಯಿತು. ಸೋಂಕಿಲ್ಲವೇನೋ ಎಂದುಕೊಂಡೆ. ಆದರೆ ಉರಿ ತಡೆಯಲಾಗದೆ ಮಡಿಕೇರಿಗೆ ಹೋಗಿ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕೊಟ್ಟೆ. ಎರಡು ದಿನಕ್ಕೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಇದೆ ಎಂದು ವರದಿ ಬಂತು.

ವೈದ್ಯೆ ಕೇಳಿದ್ದು ಒಂದೇ ಪ್ರಶ್ನೆ: “ರಾತ್ರಿ ಎಷ್ಟು ಸಲ ಎದ್ದಿದ್ದಿರಿ?” ನಾಲ್ಕು ಸಲ. ಬ್ಯಾಕ್ಟೀರಿಯಾ ಮೂತ್ರದಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಮಾಡಲು ಸುಮಾರು ನಾಲ್ಕು ಗಂಟೆ ಮೂತ್ರವು ಮೂತ್ರಕೋಶದಲ್ಲಿ ನಿಂತಿರಬೇಕಂತೆ. ಎಂಟರೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ಮಾಡುವುದೇ ಇಲ್ಲ. ವಿಟಮಿನ್ ಸಿ ಮಾತ್ರೆ ನುಂಗಿದ್ದರೂ ಪಟ್ಟಿ ತಪ್ಪಬಹುದು. ಜ್ವರ, ನಡುಕ, ಪಕ್ಕೆನೋವು ಇದ್ದರೆ ಅಥವಾ ಬಸುರಿಯಾಗಿದ್ದರೆ ಪಟ್ಟಿಯನ್ನು ನೋಡುತ್ತ ಕೂರದೆ ನೇರವಾಗಿ ಬನ್ನಿ ಎಂದರು.

ಆಷಾಢದಲ್ಲಿ ಇನ್ನೊಂದು ಪಾಠವಾಯಿತು. ಡಬ್ಬಿಯನ್ನು ಬಚ್ಚಲುಮನೆಯ ಗೂಡಿನಲ್ಲಿ ಇಟ್ಟಿದ್ದೆ, ಮುಚ್ಚಳ ಸಡಿಲವಾಗಿತ್ತು. ನಮ್ಮ ಮಳೆಯಲ್ಲಿ ಉಪ್ಪೇ ನೀರಾಗುತ್ತದೆ. ಹೊಸ ಪಟ್ಟಿ ತೆಗೆದರೆ ಅದ್ದುವ ಮೊದಲೇ ನೈಟ್ರೈಟ್ ಚೌಕ ನಸುಗೆಂಪಾಗಿತ್ತು. ಗಾಳಿ, ತೇವ ತಾಗಿದ ಪಟ್ಟಿ ಇಲ್ಲದ ಸೋಂಕನ್ನು ಇದೆ ಎನ್ನುತ್ತದೆ. ಡಬ್ಬಿಯನ್ನೇ ಎಸೆದೆ. ಈಗ ಬಟ್ಟೆಯ ಬೀರುವಿನಲ್ಲಿ, ತೇವ ಹೀರುವ ಪೊಟ್ಟಣವನ್ನು ತೆಗೆಯದೆ, ಬಿಗಿಯಾಗಿ ಮುಚ್ಚಿ ಇಡುತ್ತೇನೆ.

“ಅಕ್ಕ, ನನಗೂ ಒಂದು ಪಟ್ಟಿ ಕೊಡುತ್ತೀರಾ?” ಎಂದು ಜೊತೆಗೆ ಕೊಯ್ಯುವವಳೊಬ್ಬಳು ಮೆಲ್ಲಗೆ ಕೇಳಿದಳು. ಅವಳಿಗಿದ್ದದ್ದು ವಾಸನೆಯ ಬಿಳಿ ಸ್ರಾವ. ನಾನು ಕೊಡಲಿಲ್ಲ. ಸ್ರಾವ ಬೆರೆತರೆ ಬಿಳಿ ರಕ್ತಕಣದ ಚೌಕ ಸುಮ್ಮನೆ ಬಣ್ಣ ತಿರುಗುತ್ತದೆ. ಕ್ಲಮಿಡಿಯಾ, ಗೊನೋರಿಯಾದಂಥ ಲೈಂಗಿಕ ಸೋಂಕು ಇದ್ದರೆ ಈ ಪಟ್ಟಿ ಹೇಳುವುದೇ ಇಲ್ಲ. ಅವಳನ್ನು ಮಡಿಕೇರಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವಳು ಇಡೀ ದಾರಿ ನನ್ನ ಕೈ ಬಿಡಲಿಲ್ಲ.

ಈ ಕೊಯ್ಲಿಗೆ ಕಣದ ಪಕ್ಕದಲ್ಲಿ ತಗಡಿನ ಶೌಚಾಲಯ ಕಟ್ಟಿಸಿದ್ದೇನೆ. ಒಂದು ಡ್ರಮ್ ನೀರು, ಒಳಗಿನಿಂದ ಹಾಕುವ ಚಿಲಕ. ಎರಡನೆಯ ದಿನದಿಂದಲೇ ಹೆಂಗಸರು ಬುತ್ತಿಯ ಜೊತೆ ನೀರಿನ ಬಾಟಲಿಯನ್ನೂ ತರುತ್ತಿದ್ದಾರೆ.