ಮಾತ್ರೆಯ ಹೊಣೆ ಮಕ್ಕಳ ಕೈಗೆ ಬರುವಾಗ

ಎಚ್‌ಐವಿ ಇರುವ ಹದಿಹರೆಯದವರ ಕೈಗೆ ಮಾತ್ರೆ ಡಬ್ಬಿಯನ್ನು ಒಂದೇ ದಿನ ಒಪ್ಪಿಸಿಬಿಡಬೇಡಿ. ಮೊದಲ ತಿಂಗಳು ಅವರೇ ತೆಗೆದುಕೊಳ್ಳಲಿ, ನೀವು ನೋಡುತ್ತಿರಿ. ಆಮೇಲೆ ವಾರಕ್ಕೊಮ್ಮೆ ಇಬ್ಬರೂ ಕೂತು ಉಳಿದದ್ದನ್ನು ಎಣಿಸಿ. ಮಾತ್ರೆ ತಪ್ಪಿಸಿದ್ದಕ್ಕೆ ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ, ಅದೇ ದೊಡ್ಡ ಅಪಾಯ.

ದಿನಕ್ಕೊಂದು ಡೊಲುಟೆಗ್ರಾವಿರ್ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ) ಮಾತ್ರೆಯಾದರೆ ರಾತ್ರಿ 9 ಒಳ್ಳೆಯ ಹೊತ್ತು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಎದೆಯುರಿಯ ಆಂಟಾಸಿಡ್ ಸಿರಪ್ ಇವು ಈ ಔಷಧ ಮೈಗೆ ಸೇರದಂತೆ ತಡೆಯುತ್ತವೆ. ಅವನ್ನು ತೆಗೆದುಕೊಂಡು 6 ಗಂಟೆ ಕಳೆದ ಮೇಲೆ ಡೊಲುಟೆಗ್ರಾವಿರ್ ಕೊಡಿ, ಇಲ್ಲವೇ ಡೊಲುಟೆಗ್ರಾವಿರ್ ಆದ 2 ಗಂಟೆಯ ನಂತರ ಅವನ್ನು ಕೊಡಿ. ಡೊಲುಟೆಗ್ರಾವಿರ್ ಮರೆತರೆ ನೆನಪಾದ ಕೂಡಲೇ ನುಂಗಲಿ. ಮುಂದಿನ ಡೋಸ್‌ಗೆ 4 ಗಂಟೆಯೂ ಉಳಿದಿಲ್ಲವೆಂದರೆ ಬಿಡಲಿ. ಎರಡು ಒಟ್ಟಿಗೆ ಬೇಡವೇ ಬೇಡ.

ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಾಗಲಿ ವಿಕ್ಟೋರಿಯಾ ಆಗಲಿ, ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಎಷ್ಟೆಂದು ಮಕ್ಕಳೇ ಕೇಳಲಿ. ಸಂಶಯವಿದ್ದರೆ ಎಚ್‌ಐವಿ ಸಹಾಯವಾಣಿ 1097, ಕರೆ ಉಚಿತ.