ಮೂರು ಬಿಳಿ ಗುಳಿಗೆ, ಒಂದು ಬಿದ್ರಿ ಚೂರು

ಒಂಬತ್ತನೇ ತರಗತಿಯಲ್ಲಿ ದ್ರವ್ಯದ ಪಾಠ ಬಂತೆಂದರೆ ಬೋರ್ಡಿನ ಮೇಲೆ ಮೊದಲು ಬೀಳುವುದು ಆ ಕವಲು ಕವಲಿನ ಚಿತ್ರ. ಮೇಲೆ ದ್ರವ್ಯ, ಕೆಳಗೆ ಶುದ್ಧ ವಸ್ತು ಮತ್ತು ಮಿಶ್ರಣ, ಇನ್ನೂ ಕೆಳಗೆ ಧಾತು, ಸಂಯುಕ್ತ, ಸಮಜಾತೀಯ (ಎಲ್ಲೆಡೆ ಒಂದೇ ತೆರನಾದ ಮಿಶ್ರಣ), ವಿಷಮಜಾತೀಯ (ಬೇರೆ ಬೇರೆ ಭಾಗ ಗುರುತಿಸಬಹುದಾದ ಮಿಶ್ರಣ). ಮಕ್ಕಳು ಬಾಯಿಪಾಠ ಮಾಡುತ್ತಾರೆ, ಮಾರ್ಕ್ಸೂ ತಗೊಳ್ಳುತ್ತಾರೆ. ಆದರೆ ಕೈಗೊಂದು ವಸ್ತು ಕೊಟ್ಟು ‘ಇದು ಎಲ್ಲಿಗೆ ಸೇರುತ್ತೆ, ಹೇಗೆ ಗೊತ್ತಾಯ್ತು?’ ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬೀದರ್‌ನಲ್ಲಿ ವಿಜ್ಞಾನ ಕಲಿಸುವ ನಾನು ಈಗ ಆ ಚಿತ್ರವನ್ನು ಕೊನೆಗೆ ಬರೆಯುತ್ತೇನೆ. ಮೊದಲು ಟೇಬಲ್ ಮೇಲೆ ಸಾಮಾನು ಹರಡುತ್ತೇನೆ.

ಶುರು ಮಾಡುವುದು ಮೂರು ಬಿಳಿ ಗುಳಿಗೆಗಳಿಂದ. ಒಂದು ಪೂಜೆಯ ಕರ್ಪೂರ. ಒಂದು ಬಟ್ಟೆ ಪೆಟ್ಟಿಗೆಗೆ ಹಾಕುವ ಡಾಂಬರ್ ಗುಳಿಗೆ, ಅಂದರೆ ನಾಫ್ತಲೀನ್. ಮೂರನೆಯದು ಬಚ್ಚಲಲ್ಲಿ ತೂಗುಹಾಕುವ ಗುಳಿಗೆ. ಬಣ್ಣ ಇಲ್ಲದ್ದು ಸಿಕ್ಕರೆ ಒಳ್ಳೆಯದು. ಅದು ಬಹುತೇಕ ಪ್ಯಾರಾಡೈಕ್ಲೋರೋಬೆಂಜೀನ್ ಆಗಿರುತ್ತದೆ. ಮೂರೂ ಬಿಳಿ, ಮೂರಕ್ಕೂ ಘಾಟು ವಾಸನೆ, ಮೂರೂ ಇಟ್ಟಲ್ಲೇ ಸವೆಯುತ್ತವೆ, ಯಾಕೆಂದರೆ ಘನದಿಂದ ನೇರವಾಗಿ ಆವಿಯಾಗುತ್ತವೆ. ‘ಸರ್, ಮೂರೂ ಒಂದೇ ಅವ್ರಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೆ ಬೇಕಾಗಿದ್ದೂ ಅದೇ. ಕಣ್ಣು, ಮೂಗು ಎರಡೂ ಇಲ್ಲಿ ಸೋಲಬೇಕು.

ಈಗ ಎರಡು ಗ್ಲಾಸು. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ಉಪ್ಪುನೀರು, ಅದೂ ಇನ್ನು ಕರಗಲ್ಲ ಅನ್ನುವಷ್ಟು ಉಪ್ಪು ಹಾಕಿದ್ದು. 100 ಎಂಎಲ್ ನೀರಿಗೆ 36 ಗ್ರಾಂ ಹತ್ತಿರ ಹಿಡಿಯುತ್ತದೆ. ತಳದಲ್ಲಿ ಒಂದಿಷ್ಟು ಉಪ್ಪು ಹಾಗೇ ಉಳಿಯಬೇಕು, ಆಗಲೇ ಅದು ಪೂರ್ತಿ ತಯಾರು. ಕರ್ಪೂರ ಬರೀ ನೀರಲ್ಲೇ ತೇಲುತ್ತದೆ. ನಾಫ್ತಲೀನ್ ಬರೀ ನೀರಲ್ಲಿ ಮುಳುಗುತ್ತದೆ, ಉಪ್ಪುನೀರಲ್ಲಿ ತೇಲುತ್ತದೆ. ಮೂರನೆಯದು ಎರಡರಲ್ಲೂ ಮುಳುಗುತ್ತದೆ. ಆ ಗಟ್ಟಿ ಉಪ್ಪುನೀರಿನ ಸಾಂದ್ರತೆ ಮಿಲಿಲೀಟರಿಗೆ 1.2 ಗ್ರಾಂ. ನಾಫ್ತಲೀನಿನದು ಅದಕ್ಕಿಂತ ಕಡಿಮೆ, ಪ್ಯಾರಾಡೈಕ್ಲೋರೋಬೆಂಜೀನಿನದು ಸುಮಾರು 1.25. ಬೆಂಕಿ ಬೇಡ, ಆಸಿಡ್ ಬೇಡ.

ಒಂದು ಮಾತು ಮಾತ್ರ ನೆನಪಿಡಿ. ಗುಳಿಗೆಗೆ ಗಾಳಿಯ ಗುಳ್ಳೆ ಅಂಟಿಕೊಂಡರೆ ಮುಳುಗಬೇಕಾದ್ದೂ ತೇಲಿಬಿಡುತ್ತದೆ. ಕಡ್ಡಿಯಿಂದ ತಟ್ಟಿ, ಪೂರ್ತಿ ಅದ್ದಿ ಬಿಡಿ. ಇವೆಲ್ಲ ವಿಷ, ಹಾಗಾಗಿ ಕಿಟಕಿ ತೆರೆದಿರಲಿ, ಚಿಮಟ ಬಳಸಿ, ಆಮೇಲೆ ಸೋಪು ಹಾಕಿ ಕೈ ತೊಳೆಸಿ.

ತೇಲಿದ್ದು, ಮುಳುಗಿದ್ದು ಮುಗಿದ ಮೇಲೆ ಅಂಕಿ. ಇದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಅಳತೆ ಜಾಡಿಯೂ ಬೇಡ. ಮೊದಲು ವಸ್ತುವಿನ ತೂಕ ಬರೆದುಕೊಳ್ಳಿ. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿ ಮೇಲಿಟ್ಟು ಝೀರೋ ಮಾಡಿ. ವಸ್ತುವನ್ನು ದಾರಕ್ಕೆ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತೋರಿಸುವ ಗ್ರಾಂ ಅಂದರೆ ವಸ್ತು ತಳ್ಳಿದ ನೀರಿನ ತೂಕ. ಅಷ್ಟೇ ಮಿಲಿಲೀಟರ್ ಅದರ ಗಾತ್ರ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಬಂತು, ಮುಗಿಯಿತು.

ನಮ್ಮೂರಲ್ಲಿ ಇದಕ್ಕೆ ಬಿದ್ರಿಗಿಂತ, ಅಂದರೆ ಸತು-ತಾಮ್ರದ ಎರಕದಲ್ಲಿ ಬೆಳ್ಳಿ ಕೂರಿಸಿದ ಕುಸುರಿ ಸಾಮಾನಿಗಿಂತ, ಒಳ್ಳೆಯ ವಸ್ತು ಸಿಗಲ್ಲ. ಪೂರ್ತಿ ಸಾಮಾನು ದುಬಾರಿ, ಅದು ಬೇಕಾಗಿಯೂ ಇಲ್ಲ. ಬೆಳ್ಳಿ ಕೂರಿಸುವ ಮೊದಲೇ ಒಡೆದ ಎರಕದ ಚೂರು ಕುಶಲಕರ್ಮಿಗಳ ಹತ್ತಿರ ಇರುತ್ತದೆ, ಕೇಳಿದರೆ ಕೊಡುತ್ತಾರೆ. ನನ್ನ ಹತ್ತಿರ ಇರುವ ಚೂರು 72.4 ಗ್ರಾಂ, ನೀರಲ್ಲಿ ಹಿಡಿದಾಗ ತಕ್ಕಡಿ ತೋರಿಸಿದ್ದು 10. ಅಂದರೆ 7.24. ಸತುವಿನ ಸಾಂದ್ರತೆ 7.14, ತಾಮ್ರದ್ದು 8.96. ಲೋಹದಲ್ಲಿ ಯಾವುದು ಜಾಸ್ತಿ ಎಂದು ಮಕ್ಕಳೇ ಹೇಳಿಬಿಡುತ್ತಾರೆ. ಬಿದ್ರಿಗೆ ಸಾಮಾನ್ಯವಾಗಿ 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಹಾಕುತ್ತಾರೆ ಎಂದು ನಾನು ಆಮೇಲೆ ಹೇಳುತ್ತೇನೆ.

ಇಲ್ಲಿಂದ ಜಗಳ ಶುರು. ತಾಮ್ರದ ಕೆಂಪು ಎಲ್ಲಿ ಹೋಯ್ತು? ಬಣ್ಣ ಕಾಣದಿದ್ದರೆ ಇದು ಸಂಯುಕ್ತ ಅಲ್ವಾ? ನಾನು ಉತ್ತರ ಕೊಡುವ ಬದಲು ಕೇಳುತ್ತೇನೆ: ತಾಮ್ರ ಸ್ವಲ್ಪ ಹೆಚ್ಚುಕಡಿಮೆ ಆದರೆ ಎರಕ ಆಗುವುದೇ ಇಲ್ಲವೇ? ಆಗುತ್ತದೆ. ಸಂಯುಕ್ತದಲ್ಲಿ ಆ ಸ್ವಾತಂತ್ರ್ಯ ಇಲ್ಲ. ನೀರು ಎಲ್ಲಿಯದಾದರೂ ಅದರ ತೂಕದಲ್ಲಿ ಹೈಡ್ರೋಜನ್, ಆಕ್ಸಿಜನ್ 1:8 ಇರಲೇಬೇಕು. ಹಾಗಾಗಿ ಬಿದ್ರಿ ಲೋಹ ಮಿಶ್ರಣ. ಪಠ್ಯದ ಪ್ರಕಾರ ಮಿಶ್ರಲೋಹ ಸಮಜಾತೀಯ. ಆದರೆ ಈ ಲೋಹವನ್ನು ನುಣ್ಣಗೆ ಉಜ್ಜಿ, ಲೋಹ ಪರೀಕ್ಷಿಸುವ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎರಡು ಬಗೆಯ ಹರಳು ಕಾಣುತ್ತವೆ. ಅಷ್ಟೂ ತಾಮ್ರವನ್ನು ಸತುವು ಘನವಾದ ಮೇಲೆ ತನ್ನೊಳಗೆ ಇಟ್ಟುಕೊಳ್ಳಲಾರದು. ಪರೀಕ್ಷೆಯಲ್ಲಿ ಸಮಜಾತೀಯ ಎಂದೇ ಬರೆಯಿರಿ ಅನ್ನುತ್ತೇನೆ, ಆದರೆ ಈ ವಿಷಯ ಮುಚ್ಚಿಡಲ್ಲ. ಇನ್ನು ಬೆಳ್ಳಿ ಕೂರಿಸಿದ ಹೂಜಿಯಾದರೆ ತಕರಾರೇ ಇಲ್ಲ. ಕಪ್ಪು ಬೇರೆ, ಬೆಳ್ಳಿ ಬೇರೆ ಎಂದು ಕಣ್ಣಿಗೇ ಕಾಣುತ್ತದೆ.

ಭೌತಿಕ ಗುಣ ಅಂದರೆ ಏನು ಎಂದು ಆ ಕುಸುರಿಯಲ್ಲೇ ತೋರಿಸಬಹುದು. ಎರಕದ ಲೋಹ ಬಾಗಲ್ಲ, ಕೈಜಾರಿ ಬಿದ್ದರೆ ಒಡೆಯುತ್ತದೆ. ಬೆಳ್ಳಿ ತಂತಿ ಬಾಗುತ್ತದೆ, ಸುತ್ತಿಗೆಯಿಂದ ಬಡಿದರೆ ಕೊರೆದ ಗೆರೆಯೊಳಗೆ ಹರಡಿಕೊಂಡು ಕೂರುತ್ತದೆ. ಈ ಎರಡು ಗುಣ ಅದಲುಬದಲಾಗಿದ್ದರೆ ಬಿದ್ರಿ ಕೆಲಸವೇ ಇರುತ್ತಿರಲಿಲ್ಲ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ದ್ರಾವಣ ಹಚ್ಚಿದಾಗ ಸತುವಿನ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಇರುತ್ತದೆ. ಅದು ರಾಸಾಯನಿಕ ಗುಣ.

ಕಲ್ಲುಗಳದ್ದು ಬೇಗ ಮುಗಿಯುತ್ತದೆ. ಶಹಾಬಾದ್ ಕಲ್ಲು ಸುಣ್ಣದಕಲ್ಲು, 2.7ರ ಆಸುಪಾಸು ಬರುತ್ತದೆ, ಕಬ್ಬಿಣದ ಮೊಳೆಯಿಂದ ಗೀರಿದರೆ ಗೀರು ಬೀಳುತ್ತದೆ. ಕಷ್ಟ ಕೊಡುವುದು ನಮ್ಮ ಕೆಂಪು ಜಂಬಿಟ್ಟಿಗೆ. ಒಣಗಿದ ತುಂಡನ್ನು ನೀರಲ್ಲಿ ಹಿಡಿದರೆ ಬುಳುಬುಳು ಗುಳ್ಳೆ ಏಳುತ್ತವೆ, ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ, ಇಳಿಯುತ್ತಾ ಹೋಗುತ್ತದೆ. ರಂಧ್ರಗಳಿಗೆ ನೀರು ನುಗ್ಗಿದಷ್ಟೂ ತಳ್ಳುವ ನೀರು ಕಡಿಮೆ. ತೆಳು ಪ್ಲಾಸ್ಟಿಕ್ಕನ್ನು ಬಿಗಿಯಾಗಿ ಸುತ್ತಿ ಅಳೆದರೆ ಒಂದು ಸಾಂದ್ರತೆ, ಒಣ ತುಂಡನ್ನು ಝೀರೋ ಮಾಡಿದ ಲೋಟದ ನೀರಲ್ಲೇ ಅಂಕಿ ನಿಲ್ಲುವವರೆಗೆ ನೆನೆಯಲು ಬಿಟ್ಟು ಅಳೆದರೆ ಇನ್ನೊಂದು. ಮೊದಲನೆಯದು ರಂಧ್ರ ಸೇರಿಸಿ, ಎರಡನೆಯದು ಬಿಟ್ಟು. ಎರಡೂ ಸರಿ. ಬೀದರ್‌ನ ನೌಬಾದಿನ ಸುರಂಗ ಬಾವಿಗೆ (ನೆಲದಡಿ ಸುರಂಗ ತೋಡಿ ನೀರು ತರುವ ಹಳೆಯ ವ್ಯವಸ್ಥೆ) ನೀರು ಬರುವುದು ಇದೇ ರಂಧ್ರಗಳಿಂದ. ಮೇಲಿನ ಜಂಬಿಟ್ಟಿಗೆ ಮಳೆನೀರು ಕುಡಿಯುತ್ತದೆ, ಕೆಳಗಿನ ಕರಿಕಲ್ಲು ಅದನ್ನು ಇಳಿಯಲು ಬಿಡಲ್ಲ.

ಕುದಿಬಿಂದುವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಪುಸ್ತಕದಲ್ಲಿ 100 ಡಿಗ್ರಿ ಇದೆ. ನಮ್ಮ ಥರ್ಮಾಮೀಟರ್ 98ರ ಹತ್ತಿರ ಬಂದು ನಿಂತುಬಿಡುತ್ತದೆ, ಎಷ್ಟು ಉರಿ ಹಾಕಿದರೂ ಏರಲ್ಲ. ‘ಥರ್ಮಾಮೀಟರ್ ಕೆಟ್ಟೈತ್ರಿ’ ಎಂದು ಮಕ್ಕಳು ತೀರ್ಪು ಕೊಡುತ್ತಾರೆ. ಹಾಗಾದರೆ ಕರಗುತ್ತಿರುವ ಐಸಿನಲ್ಲಿ ಇಟ್ಟು ನೋಡಿ ಅನ್ನುತ್ತೇನೆ. ಅಲ್ಲಿ ಸರಿಯಾಗಿ ಸೊನ್ನೆ. ಬೀದರ್ ಸಮುದ್ರ ಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಸುಮಾರು 300 ಮೀಟರ್ ಏರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಅದೇ ಥರ್ಮಾಮೀಟರನ್ನು ಮಂಗಳೂರಿಗೆ ಒಯ್ದರೆ 100 ತೋರಿಸೀತು. ಅದಕ್ಕೇ ಪ್ರಯೋಗದ ನೋಟ್ಸಿನಲ್ಲಿ ಬರೀ ‘ನೀರು 98 ಡಿಗ್ರಿಗೆ ಕುದಿಯಿತು’ ಎಂದು ಬರೆದು, ಯಾವ ಊರಲ್ಲಿ ಎಂದು ಬರೆಯದವರಿಗೆ ನಾನು ಅರ್ಧ ಮಾರ್ಕ್ಸ್ ಕಟ್ ಮಾಡುತ್ತೇನೆ.